ಚೈನಾ ಗ್ರಾಸ್ ಮತ್ತು ಒಂದು ಹನಿ ರಕ್ತ



ಮನೆಯಲ್ಲಿ ದೀಕ್ಷಾಸ್ನಾನದ ಔತಣವೋ ನಿಶ್ಚಿತಾರ್ಥವೋ ಇದ್ದಾಗ ನೀವೂ ಚೈನಾ ಗ್ರಾಸ್ ಮಾಡಿರುತ್ತೀರಿ. ಅಂಗಡಿಯಿಂದ ತಂದ ಕಟ್ಟನ್ನು ಬಿಚ್ಚಿದರೆ ಒಣಹುಲ್ಲಿನಷ್ಟು ಹಗುರವಾದ, ಬಣ್ಣವಿಲ್ಲದ, ರುಚಿಯಿಲ್ಲದ ಎಳೆಗಳು. ಅವನ್ನು ತಣ್ಣೀರಿನಲ್ಲಿ ನೆನೆಯಿಟ್ಟು, ಕುದಿಸಿ ಕರಗಿಸಿ, ಹಾಲು ಸಕ್ಕರೆ ಬೆರೆಸಿ ತಟ್ಟೆಗೆ ಸುರಿದು ಆರಲು ಬಿಟ್ಟರೆ ಸಾಕು. ಸ್ವಲ್ಪ ಹೊತ್ತಿನಲ್ಲಿ ಹಾಲು ನಡುಗುತ್ತಾ ನಿಂತಿರುತ್ತದೆ, ಹರಿಯುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ನನಗೆ ಕಲಿಸಿದವರು ನನ್ನ ಅತ್ತೆಯವರು. "ಇದು ನೀರನ್ನು ನಿಲ್ಲಿಸುವ ಹುಲ್ಲು" ಎಂದು ಅವರು ಹೇಳುತ್ತಿದ್ದರು. ಅದು ಹುಲ್ಲಲ್ಲ, ಕಡಲ ಪಾಚಿಯಿಂದ ತೆಗೆದ ಪದಾರ್ಥ ಎಂಬುದು ನನಗೆ ಗೊತ್ತಿತ್ತು. ಆದರೂ ಅತ್ತೆಯವರ ಮಾತನ್ನು ತಿದ್ದಲು ಮನಸ್ಸಾಗಲಿಲ್ಲ. ನೀರನ್ನು ನಿಲ್ಲಿಸುವುದು ಎಂಬ ಮಾತಿಗಿಂತ ಸರಿಯಾದ ವಿವರಣೆಯನ್ನು ನನ್ನ ಪಠ್ಯಪುಸ್ತಕಗಳೂ ಕೊಟ್ಟಿರಲಿಲ್ಲ.

ಇಂಥ ಪದಾರ್ಥಗಳಿಗೆ ವಿಜ್ಞಾನಿಗಳು ಹೈಡ್ರೋಜೆಲ್ ಎನ್ನುತ್ತಾರೆ. ಬಹು ಉದ್ದವಾದ ಅಣುಗಳ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿ, ಆ ಬಲೆಯ ಕಣ್ಣುಗಳಲ್ಲಿ ನೀರು ಸಿಕ್ಕಿಬೀಳುತ್ತದೆ. ನಮ್ಮ ಕರಾವಳಿಯ ಮೊಗವೀರರ ಬಲೆ ನೀರನ್ನು ಬಿಟ್ಟು ಮೀನನ್ನು ಹಿಡಿಯುತ್ತದೆ. ಈ ಬಲೆ ನೀರನ್ನೇ ಹಿಡಿಯುತ್ತದೆ. ಮಕ್ಕಳ ಡೈಪರಿನೊಳಗಿನ ಬಿಳಿಯ ಪುಡಿ ಹೀಗೆಯೇ ನೀರು ಹೀರಿ ಉಬ್ಬುತ್ತದೆ. ಕಣ್ಣಿಗೆ ಹಾಕಿಕೊಳ್ಳುವ ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಕೂಡ ಇದೇ ಜಾತಿಯದು. ಅದರ ಕಥೆಯಂತೂ ಸೊಗಸಾಗಿದೆ. ಚೆಕ್ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ 1961ರ ಕ್ರಿಸ್‌ಮಸ್ ಸಮಯದಲ್ಲಿ ತಮ್ಮ ಮನೆಯಲ್ಲೇ, ಮಕ್ಕಳ ಆಟದ ಲೋಹದ ತುಂಡುಗಳನ್ನೂ ಸೈಕಲ್ಲಿನ ಡೈನಮೋವನ್ನೂ ಜೋಡಿಸಿ ಒಂದು ಯಂತ್ರ ಮಾಡಿ, ಅದರಲ್ಲಿ ಜೆಲ್ಲನ್ನು ತಿರುಗಿಸಿ ಲೆನ್ಸ್ ತಯಾರಿಸಿದರು. ಹಬ್ಬದ ದಿನಗಳಲ್ಲಿ ಮನೆಯ ಮೇಜನ್ನು ಹೀಗೆ ಆಕ್ರಮಿಸಿಕೊಂಡ ಗಂಡನನ್ನು ಸಹಿಸಿದ ಆ ಮನೆಯೊಡತಿಯನ್ನೂ ಇಲ್ಲಿ ನೆನೆಯಬೇಕು.

ಮನೆಯೊಡತಿಯರ ಮಾತು ಬಂದುದರಿಂದ ಇನ್ನೊಬ್ಬರನ್ನು ಬಿಡಲಾರೆ. 1881ರಲ್ಲಿ ವಾಲ್ಟರ್ ಹೆಸ್ಸೆ ಎಂಬ ಜರ್ಮನ್ ವೈದ್ಯರು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸುವ ಕೆಲಸದಲ್ಲಿದ್ದರು. ಆಗ ಬಳಸುತ್ತಿದ್ದುದು ಜೆಲಾಟಿನ್. ಬೇಸಿಗೆ ಬಂದರೆ ಅದು ಕರಗಿ ನೀರಾಗುತ್ತಿತ್ತು; ಕೆಲವು ಸೂಕ್ಷ್ಮಜೀವಿಗಳು ಅದನ್ನೇ ತಿಂದು ಕರಗಿಸುತ್ತಿದ್ದವು. ಅವರ ಪತ್ನಿ ಫ್ಯಾನಿ ಹೆಸ್ಸೆ ಅಡುಗೆಮನೆಯಲ್ಲಿ ಮಾಡುತ್ತಿದ್ದ ಸಿಹಿ ಮಾತ್ರ ಬೇಸಿಗೆಯಲ್ಲೂ ಗಟ್ಟಿಯಾಗಿಯೇ ಇರುತ್ತಿತ್ತು. ಕಾರಣ ಕೇಳಿದಾಗ ಆಕೆ ಅಗರ್ ಎಂದರು. ಹುಟ್ಟಿ ಬೆಳೆದ ನ್ಯೂಯಾರ್ಕಿನಲ್ಲಿ, ಜಾವಾ ದ್ವೀಪದಲ್ಲಿದ್ದು ಬಂದ ಡಚ್ ನೆರೆಮನೆಯವರಿಂದ ಅದನ್ನು ಕಲಿತಿದ್ದರಂತೆ. ಆ ಅಗರ್ ನಮ್ಮ ಚೈನಾ ಗ್ರಾಸೇ. ಅಂದಿನಿಂದ ಇಂದಿನವರೆಗೆ ಜಗತ್ತಿನಾದ್ಯಂತ ರೋಗಪರೀಕ್ಷಾ ಕೇಂದ್ರಗಳಲ್ಲಿ ಸೂಕ್ಷ್ಮಜೀವಿಗಳು ಅದರ ಮೇಲೆ ಬೆಳೆಯುತ್ತಿವೆ. 1882ರಲ್ಲಿ ಕಾಖ್ ಕ್ಷಯರೋಗದ ಕುರಿತ ತಮ್ಮ ಪ್ರಸಿದ್ಧ ಬರಹದಲ್ಲಿ ಅಗರನ್ನು ಉಲ್ಲೇಖಿಸಿದರು. ಹೆಸ್ಸೆ ದಂಪತಿಗಳ ಹೆಸರನ್ನು ಬರೆಯಲಿಲ್ಲ.

ನಾನು ಇಷ್ಟನ್ನೆಲ್ಲ ಏಕೆ ಹೇಳುತ್ತಿರುವೆನೆಂದರೆ, ಇಪ್ಪತ್ತೊಂಬತ್ತು ವರ್ಷ ನಾನು ಮಂಗಳೂರಿನ ಒಂದು ಸಣ್ಣ ಚಿಕಿತ್ಸಾಲಯದ ರಕ್ತಪರೀಕ್ಷಾ ಕೋಣೆಯಲ್ಲಿ ಕೆಲಸ ಮಾಡಿದವಳು. ಈಗ ನಿವೃತ್ತಳು. ಅಗರಿನ ತಟ್ಟೆಗಳನ್ನು ನಾನೂ ಸುರಿದಿದ್ದೇನೆ. ಆದರೆ ನನ್ನ ಜೀವನದ ಬಹುಭಾಗ ಕಳೆದದ್ದು ತಟ್ಟೆಗಳ ಮುಂದೆ ಅಲ್ಲ, ಸೂಕ್ಷ್ಮದರ್ಶಕದ ಮುಂದೆ, ಮಲೇರಿಯಾದ ಸ್ಲೈಡುಗಳನ್ನು ನೋಡುವುದರಲ್ಲಿ. ಹೇಳಬೇಕಾದ ಸಂಗತಿಯೂ ಅಲ್ಲಿಯದೇ.

1990ರ ದಶಕದ ಮಂಗಳೂರು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಎಲ್ಲೆಲ್ಲೂ ಬಹುಮಹಡಿ ಕಟ್ಟಡಗಳು ಏಳುತ್ತಿದ್ದವು. ಕಾಂಕ್ರೀಟಿಗೆ ನೀರು ಕಟ್ಟಿ ನಿಲ್ಲಿಸುತ್ತಿದ್ದರು, ತೆರೆದ ತೊಟ್ಟಿಗಳಲ್ಲಿ ನೀರು ತುಂಬಿಡುತ್ತಿದ್ದರು, ಮಳೆಗಾಲವೋ ನಾಲ್ಕು ತಿಂಗಳು. ಸೊಳ್ಳೆಗೆ ಇನ್ನೇನು ಬೇಕು? ಮಲೇರಿಯಾ ಮನೆಮಾತಾಯಿತು. ಬಸ್ಸಿನಲ್ಲಿ ಕುಳಿತವರೂ "ನಿಮಗೆ ಬಂದದ್ದು ಪಿ.ವಿ.ಯೋ ಪಿ.ಎಫೋ?" ಎಂದು ಕೇಳಿಕೊಳ್ಳುತ್ತಿದ್ದರು. ಪಿ.ವಿ. ಎಂದರೆ ವೈವಾಕ್ಸ್, ನಡುಗಿಸುತ್ತದೆ, ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ಬಳಿಕ ಮರಳಿ ಬರುತ್ತದೆ, ಆದರೆ ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಪಿ.ಎಫ್. ಎಂದರೆ ಫಾಲ್ಸಿಪಾರಂ, ಅದು ಮಿದುಳಿಗೆ ಏರಬಲ್ಲದು. ನಮ್ಮಲ್ಲಿ ಹೆಚ್ಚಿನವು ಪಿ.ವಿ. ಆಗಿರುತ್ತಿದ್ದವು. ಈ "ಹೆಚ್ಚಿನವು" ಎಂಬ ಮಾತಿನಲ್ಲಿಯೇ ಅಪಾಯ ಅಡಗಿತ್ತು ಎಂಬುದು ನನಗೆ ತಡವಾಗಿ ತಿಳಿಯಿತು.

1998ರ ಜುಲೈ. ಮಧ್ಯಾಹ್ನ ಕಳೆದು ಕೋಣೆಯ ದೀಪ ಹಾಕಬೇಕಾದಷ್ಟು ಮೋಡ ಕವಿದಿತ್ತು. ಕಟ್ಟಡದ ಕೆಲಸಕ್ಕೆ ಬಂದಿದ್ದ ಬಾಗಲಕೋಟೆಯ ಕಡೆಯ ಒಬ್ಬ ತಂದೆ, ಆರು ವರ್ಷದ ಮಗಳನ್ನು ಹೆಗಲ ಮೇಲೆ ಹೊತ್ತು ಬಂದ. ಗೋಣಿಯ ಕೊಪ್ಪೆ ಹಾಕಿದ್ದರೂ ಇಬ್ಬರೂ ನೆನೆದಿದ್ದರು.

"ಅಕ್ಕಾರ, ಮೂರು ದಿನ ಆತ್ರಿ, ಹುಡುಗಿಗೆ ಜ್ವರ ಬಿಡವಲ್ದು. ಚಳಿ ಹತ್ತಿ ಗಡಗಡ ನಡುಗ್ತಾಳ್ರಿ" ಎಂದ.

ನಾನು ಮಗುವಿನ ಬೆರಳು ಚುಚ್ಚಿ ಎರಡು ಲೇಪ ಮಾಡಿದೆ. ದಪ್ಪನೆಯದು ಒಂದು, ತೆಳ್ಳನೆಯದು ಒಂದು. ಅವಳು ಅಳಲಿಲ್ಲ. ಬೆರಳಿಗೆ ಹತ್ತಿ ಒತ್ತಿಕೊಂಡು ನನ್ನ ಸೂಕ್ಷ್ಮದರ್ಶಕವನ್ನೇ ನೋಡುತ್ತಿದ್ದಳು. ಆ ದಿನ ಅದು ನನ್ನ ಐವತ್ತನೆಯ ಆಸುಪಾಸಿನ ಸ್ಲೈಡು. ಬಣ್ಣ ಹಾಕಿ, ತೊಳೆದು, ಒಣಗಿಸಿ, ಎಣ್ಣೆಯ ಹನಿ ಬಿಟ್ಟು ನೋಡಿದರೆ ಏಳೆಂಟು ಕ್ಷೇತ್ರಗಳಲ್ಲಿಯೇ ವೈವಾಕ್ಸ್ ಕಾಣಿಸಿತು. ಉಬ್ಬಿದ ಕೆಂಪುಕಣ, ಅದರೊಳಗೆ ಚುಕ್ಕೆಗಳು, ಅಂಕುಡೊಂಕಾದ ನೀಲಿಯ ಆಕೃತಿ. ಯಾವ ಸಂಶಯಕ್ಕೂ ಎಡೆಯಿಲ್ಲ. ನೋಂದಣಿ ಪುಸ್ತಕದಲ್ಲಿ ಅವಳ ಸಂಖ್ಯೆಯ ಮುಂದೆ ಪಿ.ವಿ. ಎಂದು ಬರೆದು ಮುಂದಿನ ಸ್ಲೈಡನ್ನು ಕೈಗೆತ್ತಿಕೊಂಡೆ. ನೂರು ಕ್ಷೇತ್ರಗಳನ್ನು ನೋಡಬೇಕೆಂಬ ನಿಯಮ ಏನೂ ಕಾಣದಿದ್ದಾಗ ಮಾತ್ರ ನಮಗೆ ನೆನಪಾಗುತ್ತಿತ್ತು. ಒಂದು ಸಿಕ್ಕಿತೆಂದ ಮೇಲೆ ಎರಡನೆಯದನ್ನು ಹುಡುಕುವ ಕಣ್ಣು ನಿಂತುಹೋಗುತ್ತದೆ.

ವೈದ್ಯರು ಕ್ಲೋರೋಕ್ವಿನ್ ಬರೆದುಕೊಟ್ಟರು. ನಾನು ಬರೆದದ್ದನ್ನು ನೋಡಿ ಅವರು ಬರೆದರು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಆ ತಂದೆ ಪುನಃ ಬಂದ. ಈ ಸಲ ಮಗು ಹೆಗಲ ಮೇಲಿರಲಿಲ್ಲ, ಎರಡೂ ತೋಳುಗಳಲ್ಲಿ ಅಡ್ಡಲಾಗಿ ಮಲಗಿತ್ತು. ರಾತ್ರಿ ಫಿಟ್ಸ್ ಬಂದಿತ್ತು. ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ವೈದ್ಯರು ಕೂಡಲೇ ಚೀಟಿ ಬರೆದರು. ನಾನು ಓಡಿಹೋಗಿ ಆಟೋ ನಿಲ್ಲಿಸಿ ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಸಂಜೆಯ ವೇಳೆಗೆ ಅಲ್ಲಿಂದ ಫೋನ್ ಬಂತು. ರಕ್ತದಲ್ಲಿ ಫಾಲ್ಸಿಪಾರಂ ಇದೆ, ಕ್ವಿನೈನ್ ಡ್ರಿಪ್ ಹಾಕಿದ್ದಾರೆ.

ಎಲ್ಲರೂ ಹೊರಟುಹೋದ ಬಳಿಕ ನಾನು ಮರದ ಪೆಟ್ಟಿಗೆಯಿಂದ ಆ ಹಳೆಯ ಸ್ಲೈಡನ್ನು ತೆಗೆದು ಮತ್ತೆ ನೋಡಲು ಕುಳಿತೆ. ಈ ಸಲ ಒಂದೊಂದು ಕ್ಷೇತ್ರವನ್ನೂ ಎಣಿಸುತ್ತಾ ಹೋದೆ. ನಲವತ್ತಮೂರನೆಯ ಕ್ಷೇತ್ರದಲ್ಲಿ ಒಂದು ಸಣ್ಣ, ಉಗುರಿನ ಗೀರಿನಷ್ಟು ನವುರಾದ ಉಂಗುರ. ಕಣವೂ ಉಬ್ಬಿರಲಿಲ್ಲ. ಅರವತ್ತರ ಆಸುಪಾಸಿನಲ್ಲಿ ಇನ್ನೊಂದು, ಒಂದೇ ಕಣದಲ್ಲಿ ಎರಡು ಉಂಗುರಗಳು. ಎರಡು ರೋಗಗಳೂ ಒಟ್ಟಿಗೆ ಇದ್ದವು. ಅವು ನನಗಾಗಿ ಆ ಗಾಜಿನ ಮೇಲೆ ನಾಲ್ಕು ದಿನಗಳಿಂದ ಕಾಯುತ್ತಿದ್ದವು.

ಫಾಲ್ಸಿಪಾರಂ ಬಗೆಗೆ ಒಂದು ಮಾತನ್ನು ನೀವು ತಿಳಿದಿರಬೇಕು. ಬೆಳೆದ ಪರಾವಲಂಬಿಗಳು ರಕ್ತದಲ್ಲಿ ಸುತ್ತಾಡುವುದನ್ನು ಬಿಟ್ಟು, ಮಿದುಳಿನಂಥ ಅಂಗಗಳ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡುಬಿಡುತ್ತವೆ. ಆದುದರಿಂದ ಬೆರಳ ತುದಿಯ ರಕ್ತದಲ್ಲಿ ಕೆಲವೇ ಕಂಡರೂ ಒಳಗೆ ಬಹಳವಿರಬಹುದು. ಇದನ್ನು ನಾನು ತರಬೇತಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಮಗು ಬದುಕಿತು. ಎರಡು ವಾರಗಳ ಬಳಿಕ ತಂದೆ ನಮ್ಮಲ್ಲಿಗೆ ಬಂದ. ಮಗಳ ಬಲಗೈಯಲ್ಲಿ ಹಿಡಿತವಿಲ್ಲ, ಮಾತು ತೊದಲುತ್ತದೆ, ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದ. ಊರಿನಿಂದ ಬಂದಿದ್ದ ಸಂಬಂಧಿಕರ ಕೈಯಲ್ಲಿ ತರಿಸಿದ ಸಜ್ಜೆ ರೊಟ್ಟಿಯ ಗಂಟೊಂದನ್ನು ನನ್ನ ಮೇಜಿನ ಮೇಲಿಟ್ಟು, "ಅವತ್ತ ನೀವು ಓಡಿಹೋಗಿ ಗಾಡಿ ನಿಲ್ಲಸದಿದ್ರ ನನ್ನ ಕೂಸು ಉಳೀತಿದ್ದಿಲ್ರಿ ಅಕ್ಕಾರ" ಎಂದು ಕೈಮುಗಿದ. ನಾನು ಏನನ್ನೂ ಹೇಳಲಿಲ್ಲ. ರೊಟ್ಟಿಯನ್ನು ತೆಗೆದುಕೊಂಡೆ.

ಇಷ್ಟು ವರ್ಷಗಳ ಬಳಿಕ ಇದನ್ನು ನೆನಪಿಸಿದ್ದು, ಜೀವತಂತ್ರಜ್ಞಾನ ಓದುತ್ತಿರುವ ನನ್ನ ತಂಗಿಯ ಮಗಳು. ಕಳೆದ ರಜೆಗೆ ಬಂದಿದ್ದಾಗ ಅವಳು ಕೆಲವು ಹಾಳೆಗಳನ್ನು ತಂದುಕೊಟ್ಟು, "ದೊಡ್ಡಮ್ಮ, ಇದು ನಿಮ್ಮ ಮಲೇರಿಯಾ, ನಿಮ್ಮ ಚೈನಾ ಗ್ರಾಸ್, ಎರಡೂ ಸೇರಿದ ಕಥೆ, ಓದಿ" ಎಂದಳು. ಕೆನಡ ದೇಶದ ಎಡ್ಮಂಟನ್ ನಗರದಲ್ಲಿರುವ ಆಲ್ಬರ್ಟಾ ವಿಶ್ವವಿದ್ಯಾಲಯದ ಬ್ರಯಾನ್ ಟೇಲರ್, ಲಿಂಡಾ ಪಿಲಾರ್ಸ್ಕಿ, ಸ್ಟೆಫನಿ ಯಾನೋ ಮೊದಲಾದವರು 2014ರಲ್ಲಿ ಪ್ರಕಟಿಸಿದ ಸಂಶೋಧನಾ ಬರಹವದು. ಅರ್ಥಮಾಡಿಕೊಳ್ಳಲು ನನಗೆ ಮೂರು ಸಂಜೆಗಳು ಬೇಕಾದವು. ತಿಳಿದುಕೊಂಡಷ್ಟನ್ನು ನಿಮಗೆ ಹೇಳುತ್ತೇನೆ.

ಕಣ್ಣಿನಿಂದ ಪರಾವಲಂಬಿಯನ್ನು ಹುಡುಕುವ ಬದಲು ಅದರ ಡಿ.ಎನ್.ಎ.ಯನ್ನು ಹುಡುಕುವುದು ಹೊಸ ವಿಚಾರವೇನಲ್ಲ. ಪ್ರತಿಯೊಂದು ಜೀವಿಯ ಕೋಶದಲ್ಲೂ ಅದರದೇ ಆದ ಬರಹವೊಂದಿರುತ್ತದೆ. ವೈವಾಕ್ಸಿನ ಬರಹ ಬೇರೆ, ಫಾಲ್ಸಿಪಾರಂನ ಬರಹ ಬೇರೆ, ಮಗುವಿನದು ಬೇರೆಯೇ. ಆ ಬರಹದ ಒಂದು ಸಾಲನ್ನು ಮಾತ್ರ ಆರಿಸಿ ಪುನಃ ಪುನಃ ನಕಲು ಮಾಡಿದರೆ ಅದು ಕಾಣುವಷ್ಟು ಹೆಚ್ಚುತ್ತದೆ. ಪಿ.ಸಿ.ಆರ್. ಎನ್ನುವುದು ಇದನ್ನೇ, ಕೋವಿಡ್ ಕಾಲದಲ್ಲಿ ಈ ಮೂರಕ್ಷರ ಎಲ್ಲರ ಬಾಯಲ್ಲೂ ಇತ್ತು. ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ಇದನ್ನು ಯೋಚಿಸಿದರು, 1993ರಲ್ಲಿ ಅದಕ್ಕಾಗಿ ನೊಬೆಲ್ ಪಡೆದರು. ಸುಮಾರು 95 ಡಿಗ್ರಿಗೆ ಕಾಯಿಸಿದರೆ ಡಿ.ಎನ್.ಎ.ಯ ಜೋಡಿ ಎಳೆಗಳು ಬಿಡಿಯಾಗುತ್ತವೆ. ತಣಿಸಿದಾಗ, ನಮಗೆ ಬೇಕಾದ ಸಾಲಿನ ಎರಡೂ ತುದಿಗಳಿಗೆ ನಾವು ಹಾಕಿದ ಸಣ್ಣ ತುಣುಕುಗಳು ಹೋಗಿ ಅಂಟಿಕೊಳ್ಳುತ್ತವೆ. ಮತ್ತೆ 72 ಡಿಗ್ರಿಗೆ ಏರಿಸಿದರೆ ಒಂದು ಕಿಣ್ವ ಉಳಿದ ಸಾಲನ್ನು ಬರೆದು ಮುಗಿಸುತ್ತದೆ. ಕುದಿಯುವಷ್ಟು ಶಾಖಕ್ಕೂ ಕೆಡದ ಆ ಕಿಣ್ವ ಬಂದದ್ದು ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಯಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಯಿಂದ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮೂವತ್ತು ಸುತ್ತು ಮುಗಿಯುವಾಗ, ಲೆಕ್ಕಪ್ರಕಾರ, ಒಂದು ಪ್ರತಿ 107 ಕೋಟಿಯನ್ನು ದಾಟಿರುತ್ತದೆ.

ಹಾಗಾದರೆ 1998ರಲ್ಲಿ ಆ ಮಗುವಿಗೆ ಇದನ್ನು ಏಕೆ ಮಾಡಲಿಲ್ಲ ಎಂದು ನೀವು ಕೇಳಬಹುದು. ಸಣ್ಣ ಚಿಕಿತ್ಸಾಲಯದ ನಮಗೆ ಅದು ಚಂದ್ರಲೋಕದ ಮಾತು. ಕಿಣ್ವವನ್ನು ಹಿಮಕ್ಕಿಂತ ತಣ್ಣಗಿನ ಪೆಟ್ಟಿಗೆಯಲ್ಲಿಡಬೇಕು; ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಮರುದಿನ. ರಕ್ತವನ್ನು ಹಾಗೆಯೇ ಹಾಕುವಂತಿಲ್ಲ, ಏಕೆಂದರೆ ರಕ್ತಕ್ಕೆ ಕೆಂಪು ಬಣ್ಣ ಕೊಡುವ ವಸ್ತುವೇ ಕಿಣ್ವದ ಕೆಲಸಕ್ಕೆ ಅಡ್ಡಿ. ಮೊದಲು ಡಿ.ಎನ್.ಎ.ಯನ್ನು ಶುದ್ಧಗೊಳಿಸಬೇಕು, ಅದಕ್ಕೆ ಬೇರೆ ಕೋಣೆ, ಬೇರೆ ದ್ರಾವಣಗಳು, ತರಬೇತಾದ ಕೈಗಳು. ಒಂದು ಹನಿ ಚೆಲ್ಲಿದರೂ ಹಿಂದಿನ ರೋಗಿಯ ಡಿ.ಎನ್.ಎ. ಮುಂದಿನವನ ಪರೀಕ್ಷೆಯಲ್ಲಿ ಕಾಣಿಸಿಕೊಂಡು ಮೋಸಮಾಡುತ್ತದೆ. ರೋಗ ಇದ್ದಲ್ಲಿ ಪರೀಕ್ಷೆಯಿಲ್ಲ, ಪರೀಕ್ಷೆಯಿದ್ದಲ್ಲಿ ರೋಗವಿಲ್ಲ ಎಂಬಂತಿತ್ತು ಸ್ಥಿತಿ.

ಕೆನಡದವರು ಇಲ್ಲಿ ಹೈಡ್ರೋಜೆಲ್ಲನ್ನು ತಂದರು. ಅದು ನಮ್ಮ ಅಡುಗೆಮನೆಯ ಕಡಲಪಾಚಿಯದಲ್ಲ. ಚೈನಾ ಗ್ರಾಸ್ ಸುಮಾರು 85 ಡಿಗ್ರಿಗೆ ಕರಗಿಹೋಗುತ್ತದೆ, ಇಲ್ಲಿಯೋ ಪ್ರತಿ ಸುತ್ತಿನಲ್ಲೂ 95ಕ್ಕೆ ಏರಬೇಕು. ಆದುದರಿಂದ ಶಾಖಕ್ಕೆ ಕರಗದಂಥ ಬಲೆಯನ್ನು ಪ್ರಯೋಗಾಲಯದಲ್ಲಿಯೇ ಹೆಣೆದರು. ಒಂದು ಸಣ್ಣ ಪ್ಲಾಸ್ಟಿಕ್ ಚಿಪ್ಪಿನೊಳಗೆ ಈ ಜೆಲ್. ಅದರ ಕಣ್ಣುಗಳಲ್ಲಿ ಕಿಣ್ವ, ಮಲೇರಿಯಾದ ಸಾಲನ್ನು ಗುರುತಿಸುವ ತುಣುಕುಗಳು, ನಕಲು ಹೆಚ್ಚಿದಂತೆ ಹೊಳೆಯುವ ಬಣ್ಣ, ಬೇಕಾದುದೆಲ್ಲವೂ ಮೊದಲೇ ಸೇರಿರುತ್ತದೆ. ಆಮೇಲೆ ಅದನ್ನು ಒಣಗಿಸಿಬಿಡುತ್ತಾರೆ. ನೀರು ಆರಿ ಜೆಲ್ ಕುಗ್ಗುತ್ತದೆ. ಅಂಗಡಿಯಿಂದ ತಂದ ಚೈನಾ ಗ್ರಾಸ್ ಡಬ್ಬಿಯಲ್ಲಿ ಎಷ್ಟೋ ಕಾಲ ಇರುವುದಿಲ್ಲವೇ? ಹಾಗೆಯೇ ಈ ಚಿಪ್ಪುಗಳನ್ನು ಶೀತಪೆಟ್ಟಿಗೆಯಿಲ್ಲದೆ ಕೋಣೆಯ ಉಷ್ಣತೆಯಲ್ಲೇ ಇಡಬಹುದು. ರೋಗಿ ಬಂದಾಗ ರಕ್ತವನ್ನು ಹಾಕಿದರೆ ಸಾಕು, ಶುದ್ಧಗೊಳಿಸುವ ಕೆಲಸವಿಲ್ಲ. ಒಣಗಿದ ಜೆಲ್ ಆ ರಕ್ತದ ನೀರನ್ನೇ ಹೀರಿ ಮತ್ತೆ ಉಬ್ಬಿ ಎಚ್ಚರಗೊಳ್ಳುತ್ತದೆ. ಜೊತೆಗೊಂದು ಸಣ್ಣ, ಹೊತ್ತೊಯ್ಯಬಹುದಾದ ಯಂತ್ರ. ಕರೆಂಟು ಹರಿಯುವ ದಿಕ್ಕು ಬದಲಾದಂತೆ ಬಿಸಿಯೂ ತಣ್ಣಗೂ ಆಗುವ ಫಲಕವೊಂದು ಅದರಲ್ಲಿ ಜೆಲ್ಲನ್ನು ಕಾಯಿಸಿ ತಣಿಸುತ್ತದೆ. ಲೇಸರ್ ಬೆಳಕು ಹಾಯಿಸಿದಾಗ ಬರುವ ಹೊಳಪನ್ನು ಕ್ಯಾಮರಾ ನೋಡುತ್ತದೆ.

ಓದುತ್ತಾ ನನಗೆ ಅತ್ತೆಯವರ ಮಾತು ನೆನಪಾಯಿತು. ಆದರೆ ಆಶ್ಚರ್ಯವೆನಿಸಿದ್ದು ಜೆಲ್ಲಿಗಿಂತ ಹೆಚ್ಚಾಗಿ ಅಂಕಿಗಳು. ಒಂದು ಮೈಕ್ರೋಲೀಟರ್ ರಕ್ತ, ಅಂದರೆ ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗ. ಅದರಲ್ಲಿ ಸುಮಾರು 50 ಲಕ್ಷ ಕೆಂಪುಕಣಗಳಿರುತ್ತವೆ. ಅಷ್ಟರಲ್ಲಿ ಎರಡೇ ಎರಡು ಫಾಲ್ಸಿಪಾರಂ ಪರಾವಲಂಬಿಗಳಿದ್ದರೂ ಈ ಚಿಪ್ ಕಂಡುಹಿಡಿಯಿತು. ಸೂಕ್ಷ್ಮದರ್ಶಕಕ್ಕಿಂತ ಹತ್ತರಿಂದ ಐವತ್ತು ಪಟ್ಟು ಹೆಚ್ಚು ಎಂದು ಅವರು ಬರೆದಿದ್ದಾರೆ. ನಾನು ಒಪ್ಪುತ್ತೇನೆ. ದಪ್ಪಲೇಪದ ನೂರು ಕ್ಷೇತ್ರಗಳನ್ನು ಶ್ರದ್ಧೆಯಿಂದ ನೋಡಿದರೂ ನಾವು ನೋಡಿದಂತಾಗುವುದು ಒಂದು ಮೈಕ್ರೋಲೀಟರಿನ ಕಾಲು ಭಾಗದಷ್ಟನ್ನು ಮಾತ್ರ. ಎಷ್ಟೇ ಒಳ್ಳೆಯ ಕಣ್ಣಾದರೂ ಗಾಜಿನ ಮೇಲೆ ಇಲ್ಲದ್ದನ್ನು ನೋಡಲಾರದು. ನನ್ನ ಸ್ಲೈಡಿನಲ್ಲಿ ಇತ್ತು ಎಂಬುದು ಬೇರೆ ಮಾತು.

ಮಲೇರಿಯಾ ಬಹಳವಾಗಿರುವ ಉಗಾಂಡದ ಪ್ರದೇಶವೊಂದರಿಂದ ತಂದ 188 ರೋಗಿಗಳ ರಕ್ತವನ್ನು, ಯಾವುದರಲ್ಲಿ ರೋಗವಿದೆಯೆಂದು ಪರೀಕ್ಷಕರಿಗೆ ತಿಳಿಸದೆ, ಈ ಚಿಪ್ಪಿನಲ್ಲಿ ಪರೀಕ್ಷಿಸಿದರು. ದೊಡ್ಡ ಪ್ರಯೋಗಾಲಯದ ಪಿ.ಸಿ.ಆರ್. ರೋಗವಿದೆ ಎಂದವರಲ್ಲಿ 97.4 ಶೇಕಡ ಮಂದಿಯನ್ನು ಚಿಪ್ ಸರಿಯಾಗಿ ಹಿಡಿಯಿತು. ರೋಗವಿಲ್ಲ ಎಂದವರಲ್ಲಿ 93.8 ಶೇಕಡ ಮಂದಿಗೆ ಇಲ್ಲವೆಂದೇ ಹೇಳಿತು. ತಂಗಿಯ ಮಗಳಿಗೆ ಇದು ಬಹಳ ಒಳ್ಳೆಯ ಅಂಕಿಯಾಗಿ ಕಂಡಿತು. ನಿಜವಾಗಿಯೂ ಒಳ್ಳೆಯದೇ. ಆದರೆ ನನ್ನ ಮನಸ್ಸು ಉಳಿದ ಎರಡೂವರೆಯ ಕಡೆಗೂ ಆರರ ಕಡೆಗೂ ಹೋಯಿತು. ನೂರರಲ್ಲಿ ಎರಡೋ ಮೂರೋ ಮಂದಿ ರೋಗವಿದ್ದೂ ಮನೆಗೆ ಹೋಗುತ್ತಾರೆ. ಆರು ಮಂದಿ ರೋಗವಿಲ್ಲದೆಯೇ ಮಾತ್ರೆ ನುಂಗುತ್ತಾರೆ. ಅದೂ ಸಣ್ಣ ಮಾತಲ್ಲ, ವೈವಾಕ್ಸನ್ನು ಬೇರಿನಿಂದ ಕೀಳಲು ಕೊಡುವ ಪ್ರೈಮಾಕ್ವಿನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರ ರಕ್ತಕಣಗಳನ್ನೇ ಒಡೆಯಬಲ್ಲದು. ಅಂಕಿಗಳನ್ನು ಹೀಗೆ ಮುಖಗಳಾಗಿ ನೋಡುವುದು ವಿಜ್ಞಾನಿಗಳಿಗೆ ಸರಿಯೆನಿಸಲಿಕ್ಕಿಲ್ಲ. ಸ್ಲೈಡು ನೋಡಿದವರಿಗೆ ಬೇರೆ ರೀತಿಯಲ್ಲಿ ನೋಡಲು ಬರುವುದಿಲ್ಲ.

ಈಗ ಹಳ್ಳಿಗಳಲ್ಲಿಯೂ ಸಿಗುವ, ಹತ್ತಿಪ್ಪತ್ತು ನಿಮಿಷಗಳಲ್ಲಿ ಗೆರೆ ಮೂಡುವ ಕಾರ್ಡ್ ಪರೀಕ್ಷೆ ಸಾಲದೇ ಎಂದು ಕೇಳುವವರಿದ್ದಾರೆ. ಅದು ಅಗ್ಗ, ಸುಲಭ, ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಅಂಥ ಹೆಚ್ಚಿನ ಕಾರ್ಡುಗಳು ಫಾಲ್ಸಿಪಾರಂ ಸ್ರವಿಸುವ ಒಂದು ಪ್ರೊಟೀನನ್ನು ಹುಡುಕುತ್ತವೆ. ರೋಗ ವಾಸಿಯಾದ ಮೇಲೂ ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯಬಹುದು. ಅಷ್ಟೇ ಅಲ್ಲ, ಆ ಪ್ರೊಟೀನನ್ನೇ ತಯಾರಿಸದ ಪರಾವಲಂಬಿಗಳು 2010ರಲ್ಲಿ ಪೆರು ದೇಶದಲ್ಲಿ ವರದಿಯಾದವು. ಆಮೇಲೆ ಆಫ್ರಿಕದಲ್ಲೂ ಕಂಡವು. ಅವು ಕಾರ್ಡಿನ ಕಣ್ಣಿಗೆ ಬೀಳುವುದೇ ಇಲ್ಲ. ವೇಷ ಬದಲಿಸಿದವನನ್ನು ಹಿಡಿಯಲು ಅವನ ಬರಹವನ್ನೇ ಓದಬೇಕಾಗುತ್ತದೆ.

ಇಂಥ ಕೆಲಸ ದೂರದ ಕೆನಡದಲ್ಲಿ ಮಾತ್ರ ನಡೆದುದೆಂದು ತಿಳಿಯಬೇಡಿ. ಬೆಂಗಳೂರಿನ ಬಿಗ್‌ಟೆಕ್ ಎಂಬ ಪ್ರಯೋಗಾಲಯದವರು ರೂಪಿಸಿದ ಟ್ರೂನ್ಯಾಟ್ ಯಂತ್ರ ಜೆಲ್ಲನ್ನು ಆಶ್ರಯಿಸಿದುದಲ್ಲವಾದರೂ ಅದರ ಉದ್ದೇಶ ಇದೇ. ಬ್ಯಾಟರಿಯಿಂದ ನಡೆಯುತ್ತದೆ, ಸಣ್ಣ ಚಿಪ್ಪಿನಲ್ಲಿ ಪಿ.ಸಿ.ಆರ್. ಮಾಡುತ್ತದೆ, ಸುಮಾರು ಒಂದು ಗಂಟೆಯಲ್ಲಿ ಉತ್ತರ ಕೊಡುತ್ತದೆ. ಕ್ಷಯರೋಗ ಪತ್ತೆಗೆ ಅದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಪ್ಪಿಗೆ ನೀಡಿತು. ಅದೇ ವರ್ಷ ಕೋವಿಡ್ ಬಂದಾಗ ನಮ್ಮ ದೇಶದ ಅನೇಕ ಸಣ್ಣ ಊರುಗಳಲ್ಲಿ ಪರೀಕ್ಷೆ ನಡೆದದ್ದು ಅದರಿಂದಲೇ. ಮಲೇರಿಯಾಕ್ಕೂ ಅದರಲ್ಲಿ ಚಿಪ್ಪುಗಳಿವೆ. ನೆರೆಮನೆಯ ಅಜ್ಜನ ಕಫ ಪರೀಕ್ಷೆಗೆಂದು ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದಾಗ ಆ ಯಂತ್ರವನ್ನು ನಾನು ಕಣ್ಣಾರೆ ನೋಡಿದೆ. ಅಲ್ಲಿಯ ತರುಣ, ಹಳೆಯ ಕಾಲದ ಲ್ಯಾಬಿನವಳೆಂದು ತಿಳಿದು, ಕುರ್ಚಿ ಹಾಕಿ ಕೂರಿಸಿ ಪರದೆಯ ಮೇಲೆ ಗೆರೆ ಏರುವುದನ್ನು ತೋರಿಸಿದ. ಮೂಲೆಯಲ್ಲಿ ಸೂಕ್ಷ್ಮದರ್ಶಕವೂ ಇತ್ತು, ಹೊದಿಕೆ ಹಾಕಿಟ್ಟಿದ್ದರು. ನನಗೆ ಸ್ವಲ್ಪ ಕಸಿವಿಸಿಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಸ್ಲೈಡು ನೋಡುವ ವಿದ್ಯೆ ಮರೆತುಹೋಗಬಾರದು. ಯಂತ್ರ ಕೆಟ್ಟ ದಿನ ಒಂದು ಹನಿ ಎಣ್ಣೆ ಮತ್ತು ಎರಡು ಕಣ್ಣುಗಳೇ ಉಳಿಯುವುದು.

ಮಂಗಳೂರಿನಲ್ಲಿ ಈಗ ಮಲೇರಿಯಾ ಬಹಳ ಇಳಿದಿದೆ. 2015ರಲ್ಲಿ ಪ್ರತಿಯೊಂದು ಪ್ರಕರಣವನ್ನೂ ಕೂಡಲೇ ಕಂಪ್ಯೂಟರಿಗೆ ಸೇರಿಸಿ, ಮನೆ ಹುಡುಕಿ ಹೋಗುವ ವ್ಯವಸ್ಥೆ ಬಂದ ಮೇಲೆ ಇಳಿತ ಎದ್ದು ಕಂಡಿತು. ರೋಗ ಕಡಿಮೆಯಾದಂತೆ ಉಳಿದವರನ್ನು ಹುಡುಕುವುದು ಇನ್ನೂ ಕಷ್ಟ. ಜ್ವರವೇ ಇಲ್ಲದೆ, ರಕ್ತದಲ್ಲಿ ಬೆರಳೆಣಿಕೆಯ ಪರಾವಲಂಬಿಗಳನ್ನಿಟ್ಟುಕೊಂಡು ಓಡಾಡುವವರನ್ನು ಸ್ಲೈಡೂ ಹಿಡಿಯದು, ಕಾರ್ಡೂ ಹಿಡಿಯದು. ಸೊಳ್ಳೆ ಮಾತ್ರ ಹಿಡಿಯುತ್ತದೆ. ಒಣಗಿದ ಜೆಲ್ಲಿನ ಚಿಪ್ಪನ್ನು ಚೀಲದಲ್ಲಿಟ್ಟುಕೊಂಡು ಕಟ್ಟಡದ ಕೆಲಸಗಾರರ ಬಿಡಾರಗಳಿಗೆ ಹೋಗುವ ಆರೋಗ್ಯ ಕಾರ್ಯಕರ್ತೆಯೊಬ್ಬಳನ್ನು ನಾನು ಊಹಿಸಿಕೊಳ್ಳುತ್ತೇನೆ.

ಆ ಬರಹದಲ್ಲಿ ನಾನು ಬಹಳ ಹೊತ್ತು ನಿಂತುಬಿಟ್ಟ ಸಾಲೊಂದಿದೆ. ಎರಡು ಜಾತಿಗಳೂ ಒಟ್ಟಿಗೆ ಇರುವ ರಕ್ತದಲ್ಲಿ ಫಾಲ್ಸಿಪಾರಂ ಮತ್ತು ವೈವಾಕ್ಸ್ ಎರಡನ್ನೂ ಚಿಪ್ ಬೇರೆ ಬೇರೆಯಾಗಿ ಗುರುತಿಸಿತು ಎಂಬ ಸಾಲು. ಬರೆದವರಿಗೆ ಅದು ಫಲಿತಾಂಶಗಳಲ್ಲಿ ಒಂದು. ತಂಗಿಯ ಮಗಳು ಅಡುಗೆಮನೆಯಲ್ಲಿ ನನ್ನ ಜೊತೆ ಹಾಲು ಕಾಯಿಸುತ್ತಿದ್ದಾಗ ನಾನು ಅವಳನ್ನು ಕೇಳಿದೆ, "ಒಂದು ಸಿಕ್ಕಿದ ಮೇಲೆ ಅದು ಇನ್ನೊಂದನ್ನೂ ಹುಡುಕುತ್ತದೆಯೇ?"

"ಹುಡುಕುವುದೆಂದರೇನು ದೊಡ್ಡಮ್ಮ, ಎರಡೂ ಒಂದೇ ಸಲಕ್ಕೆ ನಡೆಯುತ್ತವೆ. ಒಂದು ಸಿಕ್ಕಿತೆಂದು ನಿಲ್ಲಿಸಲು ಅದಕ್ಕೆ ಗೊತ್ತೇ ಇಲ್ಲ" ಎಂದಳು.

ಆಗ ನಾನು ಅವಳಿಗೆ ಮಗುವಿನ ಸಂಗತಿಯನ್ನು ಹೇಳಿದೆ. ಮನೆಯಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ. ಕರಗಿದ ಚೈನಾ ಗ್ರಾಸನ್ನು ಹಾಲಿಗೆ ಸುರಿದು ತಿರುವುತ್ತಾ ಅವಳು ಸುಮ್ಮನೆ ಕೇಳಿದಳು. ತಟ್ಟೆಗೆ ಹೊಯ್ದು, ಮೇಲಿನ ನೊರೆಯನ್ನು ಚಮಚದಿಂದ ತೆಗೆದು, ಕಿಟಕಿಯ ಬಳಿ ಆರಲು ಇಟ್ಟಳು.

"ಅವರಪ್ಪನಿಗೆ ಹೇಳಿದಿರಾ?"

"ಇಲ್ಲ."

ಸ್ವಲ್ಪ ಹೊತ್ತಿನ ಬಳಿಕ, "ಅವಳ ಹೆಸರು ನೆನಪಿದೆಯೇ?" ಎಂದು ಕೇಳಿದಳು. ಹೆಸರು ಹೇಳಿದೆ. ಸ್ಲೈಡಿನ ಸಂಖ್ಯೆಯನ್ನೂ ಹೇಳಿದೆ. ನಾನೂರಹನ್ನೆರಡು.